ಗೋಡೆಯಾಚೆಯ ಸುಗಂಧರಾಜ

ಕೋಡಿ ಶಕೆ ನೂರ ಎಪ್ಪತ್ತಾರು, ದೊಡ್ಡ ಬೇಸಿಗೆ, ನೆರಳು ಕಾಲಡಿಗೆ ಬರುವ ವಾರ.
ಕೆರೆಯಂಗಳ.

ಹೆಸರು ಗೊತ್ತಿಲ್ಲದ ಅಮ್ಮನವರಿಗೆ ತೊರೆಯವ್ವ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನೀವು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀರಿ. ನಿಮ್ಮ ಕ್ಯಾಲೆಂಡರಿನಲ್ಲಿ ಆ ವರ್ಷ ಸಿಗುವುದಿಲ್ಲ, ಹುಡುಕಬೇಡಿ. ನಮ್ಮೂರ ಕೆರೆ ಕೊನೆಯ ಸಲ ತುಂಬಿ ಕೋಡಿ ಬಿದ್ದ ವರ್ಷವನ್ನು ಒಂದು ಎಂದಿಟ್ಟುಕೊಂಡು ನಾವು ಕಾಲ ಎಣಿಸುತ್ತೇವೆ. ಆ ಕೋಡಿ ನಿಮ್ಮ ಪಾಲಿಗೆ ಇನ್ನೂ ಬೀಳಬೇಕಾಗಿದೆ. ಬಿದ್ದ ದಿನ ಮನೆಕೆಲಸ ಹಾಗೇ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ, ಆಮೇಲೆ ನೋಡಲಿಲ್ಲವಲ್ಲ ಎಂದು ಹಲುಬುವುದು ಬೇಡ. ನನ್ನ ಮಾತಿನಲ್ಲಿ ನಿಮಗೆ ಗುರುತು ಸಿಗದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬಂದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಹೇಳುವಾಗ ಸ್ವಲ್ಪ ಗದರಿದ ಹಾಗೆ ಕೇಳಿಸಿದರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ, ನನ್ನ ದನಿಯೇ ಹಾಗೆ.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ, ಹಿಂದಿನವರಿಗೆ ಬರೆಯುವ ಓಲೆ. ತಲೆ ನರೆತವರಿಗೆ ಜೀವಮಾನದಲ್ಲಿ ಒಂದೇ ಒಂದನ್ನು ಬರೆಯುವ ಹಕ್ಕಿದೆ. ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಮೊಬೈಲಿನೊಳಗೆ ಮಾತು ಹೇಗೆ ಹೋಗುತ್ತದೆಂದು ನಿಮಗೆ ಗೊತ್ತಿರುವಷ್ಟೇ ನನಗೂ ಇದು ಗೊತ್ತು. ಹೆಚ್ಚಿನವರು ತೀರಿಕೊಂಡ ತಾಯಿಗೋ, ಮುನಿಸಿಕೊಂಡು ಹೋದ ಗೆಳೆಯನಿಗೋ ಬರೆದು, ಅತ್ತು, ಹಗುರಾಗುತ್ತಾರೆ. ನಾನು ನಿಮಗೆ ಬರೆಯುತ್ತೇನೆ ಎಂದಾಗ ಮನೆಯವರು ಮುಖ ಮುಖ ನೋಡಿಕೊಂಡರು. ಹೆಸರು ಗೊತ್ತಿಲ್ಲ, ನಮ್ಮ ವಂಶದವರೂ ಅಲ್ಲ, ಅಂಥವರಿಗೆ ಇರುವ ಒಂದು ಓಲೆಯನ್ನು ದಂಡ ಮಾಡುತ್ತೀಯಲ್ಲ ಎಂದರು. ನಿಮ್ಮ ಬಗ್ಗೆ ನಮಗೆ ಗೊತ್ತಿರುವುದು ನಿಜಕ್ಕೂ ಅಷ್ಟೇ. ನಮ್ಮ ಮನೆತನದ ಮೊದಲ ಹೆಂಗಸು ಮಾಳಮ್ಮ ಅಂತ, ಆಕೆಯ ಪಕ್ಕದ ಮನೆ ನಿಮ್ಮದು. ನಡುವೆ ಒಂದು ಕಾಂಪೌಂಡು ಗೋಡೆ. ನಿಮ್ಮ ಗೇಟಿನ ಪಕ್ಕ ಸುಗಂಧರಾಜದ ಒಂದು ಮಡಿ. ನನಗೆ ಅಷ್ಟು ವಿಳಾಸ ಸಾಕು. ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ, ಅದನ್ನು ಕೊನೆಯಲ್ಲಿ ಕೇಳುತ್ತೇನೆ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ನಾವಿರುವುದು ಕೆರೆಯೊಳಗೆ. ನೀರಿಲ್ಲದ ಕೆರೆ, ಹೆದರಬೇಡಿ. ಏರಿಯ ಮಗ್ಗುಲಲ್ಲಿ ಹೂಳು ಕೊರೆದು ಅರ್ಧ ನೆಲದೊಳಗೆ, ಅರ್ಧ ಮೇಲೆ ಬರುವಂತೆ ಮನೆ ಕಟ್ಟಿಕೊಂಡಿದ್ದೇವೆ, ಅದಕ್ಕೆ ನೆಲಮನೆ ಎಂದು ಹೆಸರು. ನಿಮ್ಮವರು ನೀರು ತಡೆಯಲೆಂದು ಕಟ್ಟಿದ ಏರಿ ಈಗ ಧೂಳುಗಾಳಿಯನ್ನು ತಡೆಯುತ್ತದೆ, ತೂಬಿನ ಕಿಂಡಿಯೇ ಊರಬಾಗಿಲಾಗಿದೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ಸಣ್ಣದೊಂದು, ದೊಡ್ಡದೊಂದು. ನಡುವೆ ಮಳೆಗಾಲ ಬಂದೆ ಎಂದು ಹೇಳಿ, ಕೂತು ಕಾಫಿ ಕುಡಿಯುವಷ್ಟೂ ಪುರುಸೊತ್ತಿಲ್ಲದವರ ಹಾಗೆ ಎದ್ದು ಹೋಗುತ್ತದೆ. ಬಿಸಿಲೇರಿದ ಮೇಲೆ ಊರಿಗೆ ಊರೇ ಕದ ಮುಚ್ಚಿಕೊಂಡು ಮಲಗುವ ಸಮಯವನ್ನು ಕದಹೊತ್ತು ಎನ್ನುತ್ತೇವೆ. ಬಿಸಿಲು ಇಳಿದ ಮೇಲೆ ಎದ್ದು, ಸಜ್ಜೆ ಅಂಬಲಿ ಕುಡಿದು ಕೆಲಸಕ್ಕೆ ಹೊರಡುತ್ತೇವೆ. ಇದನ್ನು ಓದಿ ಅಯ್ಯೋ ಪಾಪ ಎನ್ನಲು ಹೋಗಬೇಡಿ, ನನಗೆ ಸಿಟ್ಟು ಬರುತ್ತದೆ. ನಾವು ಚೆನ್ನಾಗಿದ್ದೇವೆ. ನವಣೆ, ಹುರುಳಿ ಕೈತುಂಬ ಬೆಳೆಯುತ್ತೇವೆ. ಪಾಪಾಸುಕಳ್ಳಿಯ ಹಣ್ಣಿನಲ್ಲಿ ಗೊಜ್ಜು ಮಾಡುತ್ತೇವೆ, ಅದರ ರುಚಿ ನಿಮಗೆ ಗೊತ್ತಿದ್ದರೆ ಬೇಲಿಯ ಕಳ್ಳಿಯನ್ನು ಕಡಿದು ಬಿಸಾಕುತ್ತಿರಲಿಲ್ಲ. ಮಕ್ಕಳಿಗೆ ನೀರಿನ ಹೆಸರಿಡುವುದು ನಮ್ಮ ಕಾಲದ ಷೋಕಿ. ನಾನು ತೊರೆಯವ್ವ, ನಮ್ಮಣ್ಣ ಮಡುವಯ್ಯ, ಅವನ ಮೊಮ್ಮಗಳು ಸೋನೆ. ಈ ಕಾಗದದಲ್ಲಿ ನಿಮಗೆ ಬೇಕಾದವರು ನಾವು ಮೂವರೇ.

ನೀರು ಒಬ್ಬೊಬ್ಬರಿಗೆ ಒಂದು ಪಾಲು. ತೂಬಿನ ಬಳಿ ಸೇರುವ ಊರ ಪಂಚಾಯ್ತಿಗೆ ತೂಬುಕಟ್ಟೆ ಎನ್ನುತ್ತೇವೆ, ಅದೇ ಈ ಪಾಲನ್ನು ಅಳೆದು ಕೊಡುತ್ತದೆ. ಕುಡಿಯುವುದಕ್ಕೆ, ಅಡುಗೆಗೆ ಅದು ಧಾರಾಳವಾಗಿ ಆಗುತ್ತದೆ, ಹೂಗಿಡಕ್ಕೆಂದು ಸುರಿಯಲು ಆಗುವುದಿಲ್ಲ. ಗಿಡಕ್ಕೆ ಹೋಗುವುದು ಕಾಳು ತೊಳೆದ ನೀರು, ಕೈ ತೊಳೆದ ನೀರು, ಪಾತ್ರೆ ಜಾಲಿಸಿದ ನೀರು. ಆ ನೀರನ್ನು ಕುಡಿದು, ಈ ಬಿಸಿಲನ್ನು ಹೊತ್ತು, ಹೂ ಬಿಟ್ಟು ಘಮಘಮ ಎನ್ನುವ ಗಿಡ ಯಾವುದಿದೆ ಹೇಳಿ. ಗುಲಾಬಿ ಸತ್ತುಹೋಯಿತು. ಕನಕಾಂಬರ ಮುಖ ತಿರುಗಿಸಿತು. ಮಲ್ಲಿಗೆ ಎರಡು ತಲೆಮಾರು ಮುಲುಗಿ ಮುಲುಗಿ ಬಿಟ್ಟುಹೋಯಿತು. ನೆಲಸಂಪಿಗೆ ಅಲ್ಲೊಂದು ಇಲ್ಲೊಂದು ಉಳಿದಿದೆ, ಎಲೆ ಬರುವ ಮೊದಲೇ ಬರೀ ಮಣ್ಣಿನಿಂದ ಹೂ ತೆಗೆದು ತೋರಿಸುತ್ತದೆ, ಆದರೆ ಅದು ತನ್ನ ಮರ್ಜಿಯ ಗಿಡ. ನಂಬಿಕೆಯಿಂದ ನಿಂತದ್ದು ಸುಗಂಧರಾಜ ಒಂದೇ. ತನ್ನ ಬುತ್ತಿಯನ್ನು ಗೆಡ್ಡೆಯಲ್ಲಿ ಕಟ್ಟಿಕೊಂಡು ನೆಲದೊಳಗೆ ಮಲಗಿರುತ್ತದೆ. ಊರೆಲ್ಲ ಬೆಂದುಹೋಗುವ ದೊಡ್ಡ ಬೇಸಿಗೆಯಲ್ಲೇ ಎದ್ದು, ಎದೆಮಟ್ಟದ ದಂಟು ತೆಗೆದು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೊಗ್ಗು ಬಿಡಿಸುತ್ತದೆ. ಅದೂ ಸಂಜೆಗೆ, ನಾವು ಕದ ತೆಗೆದು ಹೊರಗೆ ಬರುವ ಹೊತ್ತಿಗೆ ಸರಿಯಾಗಿ.

ಈ ಗಿಡದ ಸ್ವಭಾವ ನಿಮಗೆ ಗೊತ್ತೇ ಇರಬಹುದು, ಆದರೂ ಹೇಳುತ್ತೇನೆ, ಯಾಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಗೆಡ್ಡೆ ಹೆಬ್ಬೆರಳ ದಪ್ಪ ಇರಬೇಕು, ಅಮುಕಿದರೆ ಗಟ್ಟಿಯಿರಬೇಕು. ಎರಡು ಮೂರು ಬೆರಳು ಆಳಕ್ಕೆ ಊರಿ, ಮಣ್ಣಿಗೆ ಹಳೇ ಗೊಬ್ಬರ, ಒಂದು ಹಿಡಿ ಬೂದಿ ಕಲಸಿ, ಇಡೀ ದಿನ ಬಿಸಿಲು ಬೀಳುವಲ್ಲಿ ಬಿಡಬೇಕು. ಹಸಿರು ಮೂತಿ ಹೊರಗೆ ಬರುವ ತನಕ ನೀರಿನ ಮಾತೆತ್ತಬಾರದು. ಬೆಳೆಯುವಾಗ ಆಗಾಗ ಕೊಟ್ಟರೆ ಸಾಕು, ಎಲೆ ಹಳದಿ ತಿರುಗಿದಾಗ ಪೂರ್ತಿ ನಿಲ್ಲಿಸಬೇಕು. ಒಂಟಿ ಎಸಳಿನ ಜಾತಿಗೆ ಇರುವ ಪರಿಮಳ ಸುತ್ತು ಎಸಳಿನದಕ್ಕೆ ಇಲ್ಲ, ಅದು ನೋಡುವುದಕ್ಕೆ ಮಾತ್ರ. ಇನ್ನೊಂದು ಮಾತು, ಇದು ಮುಖ್ಯ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ. ಅದರ ಮಗ್ಗುಲಿಗೆ ಹುಟ್ಟಿದ ಮರಿಗೆಡ್ಡೆಗಳು ದಪ್ಪಗಾಗಿ ಮುಂದೆ ಬಿಡುತ್ತವೆ. ಅವಕ್ಕೆ ಜಾಗ ಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಕಿತ್ತು, ನೆರಳಲ್ಲಿ ಒಣಗಿಸಿ, ಒಡೆದು, ಬಿಡಿಬಿಡಿಯಾಗಿ ನೆಡದಿದ್ದರೆ ಒಂದನ್ನೊಂದು ಒತ್ತಿಕೊಂಡು ಸಣಕಲಾಗುತ್ತವೆ.

ನಮ್ಮಲ್ಲಿ ಇದು ಬರೀ ಹೂವಲ್ಲ, ಸಾಕ್ಷಿ. ಹೊಸದಾಗಿ ಸಂಸಾರ ಹೂಡಿದವರಿಗೆ ತೂಬುಕಟ್ಟೆ ಬೇರೆ ನೀರಿನ ಪಾಲನ್ನು ಕೂಡಲೇ ಕೊಡುವುದಿಲ್ಲ. ಮದುವೆಯಾಗಿ ಬಂದವಳು ತವರಿಂದ ಗೆಡ್ಡೆ ತರಬೇಕು. ಆ ತವರುಗೆಡ್ಡೆ ಮೊದಲ ದೊಡ್ಡ ಬೇಸಿಗೆಯಲ್ಲಿ ಅವಳ ಹೊಸ ಅಂಗಳದಲ್ಲಿ ಹೂ ಬಿಡಬೇಕು. ನೀರು ಹೆಚ್ಚು ಹೊಯ್ದರೆ ಕೊಳೆಯುತ್ತದೆ, ಮರೆತರೆ ಬಾಡುತ್ತದೆ, ಬರೀ ಬಳಸಿದ ನೀರಿನಲ್ಲಿ ಹದವಾಗಿ ಸಾಕಿದರೆ ಮಾತ್ರ ಬಿಡುತ್ತದೆ. ಸುಗಂಧರಾಜವನ್ನು ಹೂ ಬಿಡಿಸಿದ ಮನೆಯನ್ನು ನೀರಿನ ವಿಷಯದಲ್ಲಿ ನಂಬಬಹುದು ಎಂಬುದು ಲೆಕ್ಕಾಚಾರ. ಇದನ್ನು ಹೂಸಾಕ್ಷಿ ಎನ್ನುತ್ತೇವೆ. ಹುಡುಗಿಯರಿಗೆ ಮಾತ್ರ ಯಾಕೆ ಈ ಪರೀಕ್ಷೆ ಎಂದು ನೀವು ಕೇಳುತ್ತೀರಿ. ಮನೆಯಳಿಯನಾಗಿ ಬಂದವನಿಗೂ ಇದೇ ಕಾನೂನು. ನನ್ನ ಗಂಡ ನಮ್ಮ ಮನೆಗೆ ಬಂದವನು, ತನ್ನ ತವರಿನ ಗೆಡ್ಡೆಯನ್ನು ಎದೆಗವಚಿಕೊಂಡು ಬಂದಿದ್ದ, ಅದು ಹೂ ಬಿಡುವ ತನಕ ಸರಿಯಾಗಿ ನಿದ್ದೆ ಮಾಡಲಿಲ್ಲ, ಪಾಪ.

ಇನ್ನು ನಮ್ಮ ಮನೆಯ ಜಂಬದ ಕಥೆ. ಕೆರೆಯಂಗಳದಲ್ಲಿ ನಮ್ಮದಕ್ಕೆ ಒಡೆಯದ ಮನೆ ಎಂದು ಹೆಸರು. ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಹೆಣ್ಣುಮಕ್ಕಳು ಹೊರಡುತ್ತಾರೆ, ಆಗೆಲ್ಲ ಅಂಗಳದ ಗೆಡ್ಡೆಬುಡ ಕಿತ್ತು ಪಾಲು ಮಾಡುತ್ತಾರೆ. ಅದಕ್ಕೇ ಆಸ್ತಿ ಹಂಚಿಕೊಂಡರು ಎನ್ನುವ ಬದಲು ಗೆಡ್ಡೆ ಒಡೆದರು ಎನ್ನುವುದು ಇಲ್ಲಿಯ ಮಾತು. ನಮ್ಮಲ್ಲಿ ನಾಲ್ಕು ತಲೆಮಾರಿನಿಂದ ಯಾರೂ ಬೇರೆಯಾಗಲಿಲ್ಲ, ಯಾರೂ ಹೊರಗೆ ಹೋಗಲಿಲ್ಲ. ಬಂದವರೇ ಎಲ್ಲ, ಅವರು ತಂದ ಗೆಡ್ಡೆ ಹೂಸಾಕ್ಷಿ ಮುಗಿದ ಮೇಲೆ ಓಣಿಯವರಿಗೆ ಹೋಗುತ್ತಿತ್ತು. ಒಂದೇ ಒಲೆ, ಒಂದೇ ಪಂಕ್ತಿ. ಒಬ್ಬರ ತಟ್ಟೆಯಲ್ಲಿ ಉಪ್ಪು ಕಡಿಮೆಯಾದರೆ ಮೂವತ್ತು ಜನ ಅದರ ಮೇಲೆ ಮಾತಾಡುವ ಮನೆ. ಮಾಳಮ್ಮನಿಂದ ಇಳಿದು ಬಂದ ಗೆಡ್ಡೆಬುಡ ಅಂಗಳದ ನಡುವೆ, ನನ್ನಪ್ಪನ ಕಾಲಕ್ಕೂ ಹಿಂದಿನಿಂದ, ಒಮ್ಮೆಯೂ ಗುದ್ದಲಿ ಕಾಣದೆ ಕೂತಿತ್ತು. ಅಪ್ಪ ಕೊನೆಗಾಲದಲ್ಲಿ ಅಣ್ಣಯ್ಯನ ಕೈಹಿಡಿದು, ನಿನ್ನ ಕಾಲದಲ್ಲಿ ಇದು ಒಡೆಯಬಾರದು ಕಣಪ್ಪ ಎಂದಿದ್ದ. ಅಣ್ಣಯ್ಯ ಆ ಮಾತನ್ನು ತಲೆಮೇಲೆ ಹೊತ್ತ. ಊರಲ್ಲಿ ಯಾರಿಗೆ ವ್ಯಾಜ್ಯ ಬಂದರೂ ಮಡುವಯ್ಯನ ಅಂಗಳಕ್ಕೆ ಬಂದು ಆ ಬುಡದ ಮುಂದೆ ಕೂತು ರಾಜಿಯಾಗುತ್ತಿದ್ದರು.

ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಏನೆಂದರೆ, ಆ ಬುಡ ಹೂ ಬಿಡುವುದನ್ನೇ ನಿಲ್ಲಿಸಿತ್ತು. ವರ್ಷ ವರ್ಷ ದಂಟು ಕಡಿಮೆಯಾಗುತ್ತ ಬಂದು, ಕಡೆಗೆ ಬರೀ ಎಲೆ. ಹುಲ್ಲಿನ ಮೆದೆಯ ಹಾಗೆ ದಟ್ಟವಾಗಿ ಎಲೆ. ಬಂದ ನೆಂಟರು ನೋಡಿ, ಏನು ಚೆನ್ನಾಗಿ ತುಂಬಿಕೊಂಡಿದೆ ಮಡುವಯ್ಯ ಎನ್ನುತ್ತಿದ್ದರು, ಇವನು ಹೂಂ ಎನ್ನುತ್ತಿದ್ದ. ಹೂ ಎಲ್ಲಿ ಎಂದು ನಾನು ಕೇಳಿದರೆ ಈ ವರ್ಷ ಗಾಳಿ ಸರಿಯಿಲ್ಲ ಎನ್ನುತ್ತಿದ್ದ. ಅಣ್ಣಯ್ಯಾ, ಉಸಿರಾಡೋಕೆ ಜಾಗ ಇಲ್ಲ ಅವಕ್ಕೆ, ಕಿತ್ತು ಒಡೆದು ನೆಡೋಣ ಎಂದು ನಾನು ಹೇಳಿದ್ದು ಒಂದು ಸಲವಲ್ಲ. ಒಡೆಯೋ ಮಾತು ಈ ಮನೇಲಿ ಆಡಬ್ಯಾಡ ತೊರೆ ಎಂದು ಎದ್ದು ಹೋಗುತ್ತಿದ್ದ. ಅವನಿಗೆ ಅದು ಗಿಡದ ಮಾತಾಗಿ ಕೇಳಿಸುತ್ತಲೇ ಇರಲಿಲ್ಲ. ಅವನು ಮಾಡಿದ್ದು ಇನ್ನೊಂದು. ಬಾಯಾರಿಕೆಯಿಂದ ಹೀಗಾಗಿದೆ ಎಂದುಕೊಂಡು ತನ್ನ ಕುಡಿಯುವ ಪಾಲಿನಲ್ಲೇ ಅರ್ಧ ಉಳಿಸಿ ದಿನಾ ಅದರ ಬುಡಕ್ಕೆ ಹೊಯ್ಯುತ್ತಿದ್ದ. ಗೆಡ್ಡೆ ಮಲಗುವ ಕಾಲದಲ್ಲೂ ಬಿಡಲಿಲ್ಲ. ಇವನ ತುಟಿ ಒಡೆದಿತ್ತು, ಅಲ್ಲಿ ಗೆಡ್ಡೆ ನೀರಲ್ಲಿ ಕೂತಿತ್ತು.

ಹೀಗಿರುವಾಗ ಸೋನೆ ಹೊರಟಳು. ನಾಲ್ಕು ತಲೆಮಾರಿನಲ್ಲಿ ಹೊಸಿಲು ದಾಟಿದ ಮೊದಲ ಹುಡುಗಿ. ಎರಡು ಗುಡ್ಡದಾಚೆ ಬಿಳಿಗುಂಡು ಅಂತ ಊರು, ಅಲ್ಲಿ ಬಾವಿ ಕಾಯುವ ಮನೆಯ ಹುಡುಗನನ್ನು ಮೆಚ್ಚಿದಳು. ಬಾವಿ ಬಿಟ್ಟು ಅವನು ಬರುವ ಹಾಗಿಲ್ಲ, ನಾನೇ ಹೋಗುತ್ತೇನೆ ಎಂದಳು. ಅಣ್ಣಯ್ಯ ಬೇಡ ಎನ್ನಲಿಲ್ಲ, ಅವಳೆಂದರೆ ಅವನಿಗೆ ಪ್ರಾಣ. ಆದರೆ ಬಿಳಿಗುಂಡಿನ ಕಟ್ಟುಪಾಡು ನಮಗಿಂತ ಬಿಗಿ. ಬಾವಿ ಕಾಯುವ ಮನೆಗೆ ಬಂದ ಸೊಸೆಯ ತವರುಗೆಡ್ಡೆ ಹೂ ಬಿಡದಿದ್ದರೆ ಬಾವಿಯ ಕೀಲಿ ಬೇರೆ ಮನೆಗೆ ಹೋಗುತ್ತದೆ. ಹುಡುಗನ ಅಜ್ಜಮುತ್ತಜ್ಜಂದಿರಿಂದ ಬಂದ ಕೆಲಸ ಇವಳು ಕಾಲಿಟ್ಟ ವರ್ಷವೇ ಹೋದರೆ ಇವಳನ್ನು ಯಾರು ಹೇಗೆ ನೋಡುತ್ತಾರೆ, ನೀವೇ ಯೋಚನೆ ಮಾಡಿ. ಅವಳಿಗೆ ಬೇಕಾಗಿದ್ದು ಹೂ ಬಿಡುವ ತಾಕತ್ತಿರುವ ಒಂದು ಬೊಗಸೆ ಗೆಡ್ಡೆ. ನಮ್ಮ ಅಂಗಳದಲ್ಲಿದ್ದುದು ಹೂ ಬಿಡದ, ಒಡೆಯಲಾಗದ ಒಂದು ಜಂಬ.

ಅಣ್ಣಯ್ಯ ಪಕ್ಕದ ಓಣಿಯವರ ಹತ್ತಿರ ಗೆಡ್ಡೆ ಕೇಳಿ ತರುತ್ತೇನೆ ಎಂದ. ಸೋನೆ ತಾತನ ಮುಂದೆ ಮಂಡಿಯೂರಿ ಕೂತಳು. ತಾತಾ, ಕಂಡೋರ ಮನೆ ಗೆಡ್ಡೆ ತಗೊಂಡು ಹೋಗಿ ಇದು ನನ್ನ ತವರು ಅಂತ ಹೆಂಗೆ ಹೇಳಲಿ, ಕೊಡೋದಾದ್ರೆ ನಮ್ಮದು ಕೊಡು, ಇಲ್ಲಾಂದ್ರೆ ಬರಿಗೈಯಲ್ಲೇ ಹೋಗ್ತೀನಿ ಎಂದಳು. ಅಣ್ಣಯ್ಯ ಅವತ್ತು ಊಟವನ್ನೇ ಮಾಡಲಿಲ್ಲ. ಮಾರನೆಯ ದಿನ ನೀರು ಹೊಯ್ಯಲು ಹೋದವನು ಚೊಂಬು ಹಿಡಿದುಕೊಂಡು ಆ ಎಲೆಗಳ ಮುಂದೆ ನಿಂತೇ ಇದ್ದ.

ನಾನು ಕದ್ದುಮುಚ್ಚಿ ಕೆಲಸ ಮಾಡುವವಳಲ್ಲ. ಕದಹೊತ್ತಿನಲ್ಲಿ ಮನೆಯವರೆಲ್ಲ ಒಳಗಿರುತ್ತಾರೆ. ಆ ಹೊತ್ತಿಗೇ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಅಂಗಳದಲ್ಲಿ ಗೋಣಿತಾಟು ಹಾಸಿ, ಗುದ್ದಲಿ ತೆಗೆದುಕೊಂಡೆ. ಮೊದಲ ಏಟಿನ ಸದ್ದಿಗೇ ಕಿಟಕಿಗಳಲ್ಲಿ ಮುಖಗಳು ಬಂದವು. ಅಣ್ಣಯ್ಯ ಬರಿಗಾಲಲ್ಲಿ ಓಡಿ ಬಂದ. ಆ ಬಿಸಿಲಿಗೆ ನೆಲ ಹೆಂಚಾಗಿತ್ತು, ಅವನಿಗೆ ಅದು ಗೊತ್ತೇ ಆಗಲಿಲ್ಲ. ತಂಗೀ, ಇದನ್ನ ಒಡೆದ್ರೆ ನನ್ನೇ ಒಡೆದಂಗೆ ಎಂದ. ನಾನು ತಲೆಯೆತ್ತಲಿಲ್ಲ. ಹೌದು, ಕೂತ್ಕೊ, ಒಡೆದ ಮೇಲೆ ನೋಡುವಂತೆ ಎಂದು ಬುಡದ ಸುತ್ತ ಅಗೆಯುತ್ತ ಹೋದೆ. ಅಲ್ಲಿದ್ದ ಯಾರೂ ನನ್ನ ಕೈ ಹಿಡಿದು ತಡೆಯಲಿಲ್ಲ, ಅದನ್ನು ನಾನು ಮರೆಯುವುದಿಲ್ಲ.

ಬುಡ ಒಂದೇ ಉಂಡೆಯಾಗಿ ಮೇಲೆ ಬಂತು. ಎತ್ತಲು ಇಬ್ಬರು ಬೇಕಾದರು. ತಾಟಿನ ಮೇಲೆ ಹೊರಳಿಸಿದಾಗ ನಡುವಿನ ಭಾಗ ಪೂರ್ತಿ ಕರಗಿ ಕಪ್ಪಾಗಿತ್ತು, ಕೊಳೆತ ಈರುಳ್ಳಿಯ ವಾಸನೆ ಅಂಗಳ ತುಂಬಿತು. ಅದರ ಸುತ್ತ ಬೆಳ್ಳುಳ್ಳಿ ಎಸಳಿನಷ್ಟು ಸಣಕಲು ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಚಪ್ಪಟೆಯಾಗಿದ್ದವು. ಆ ಕಪ್ಪು ಲೋಳೆಯಿಂದ ಒಂದು ಗೆಡ್ಡೆ ತೆಗೆದು ಅಣ್ಣಯ್ಯನ ಅಂಗೈಗೆ ಇಟ್ಟೆ. ಇದು ಎಂದೋ ಹೂ ಬಿಟ್ಟು ತನ್ನ ಕೆಲಸ ಮುಗಿಸಿದ್ದು, ನೀನು ಇದಕ್ಕೇ ನೀರು ಹೊಯ್ತಾ ಇದ್ದೆ ಎಂದೆ. ಅವನು ಅಮುಕಿ ನೋಡಿದ, ಅದು ಬೆರಳ ಸಂದಿಯಲ್ಲಿ ಇಳಿದುಹೋಯಿತು. ಆಮೇಲೆ ತಾಟಿನ ಅಂಚಿನಲ್ಲಿ ಕಾಲು ಮಡಚಿ ಕೂತ. ನಾನು ಬೈಯುತ್ತಾನೆ ಎಂದುಕೊಂಡಿದ್ದೆ, ಅಳುತ್ತಾನೆ ಎಂದುಕೊಂಡಿದ್ದೆ. ಅವನು ಉಂಡೆಯನ್ನು ತನ್ನ ಕಡೆಗೆ ಎಳೆದುಕೊಂಡು, ಎರಡೂ ಹೆಬ್ಬೆರಳು ಊರಿ, ತಾನೇ ಒಡೆದ.

ಆಮೇಲೆ ಅವನ ಕೈ ನಿಲ್ಲಲಿಲ್ಲ. ಕೊಳೆತದ್ದನ್ನು ಒಂದು ಕಡೆ, ಸಣ್ಣವನ್ನು ಒಂದು ಕಡೆ ಹಾಕುತ್ತ ಹೋದ. ಉಂಡೆಯ ಹೊರಅಂಚಿನಲ್ಲಿ, ಅವನ ನೀರು ತಲುಪದ ಕಡೆ, ಹೆಬ್ಬೆರಳ ದಪ್ಪದವು ಒಂದು ಬೊಗಸೆ ಸಿಕ್ಕವು. ನಾನು ದೇವರನ್ನು ಹೆಚ್ಚಾಗಿ ಮಾತಾಡಿಸುವವಳಲ್ಲ, ಅವತ್ತು ಮಾತಾಡಿಸಿದೆ. ವಾರ ಕಳೆದು ಸೋನೆ ಹೊರಡುವಾಗ ಮಡಿಲು ತುಂಬುವ ಶಾಸ್ತ್ರ ಆಯಿತು. ಅಕ್ಕಿ, ಕಾಯಿ, ಎಲೆ ಅಡಿಕೆಯನ್ನು ಹೆಂಗಸರು ಹಾಕಿದರು. ಕೊನೆಯಲ್ಲಿ ಗಂಡಸರು ಹಾಕುವ ಪದ್ಧತಿ ಇಲ್ಲದಿದ್ದರೂ ಅಣ್ಣಯ್ಯ ಮುಂದೆ ಬಂದು, ನೆರಳಲ್ಲಿ ಒಣಗಿಸಿದ ಆ ಬೊಗಸೆ ಗೆಡ್ಡೆಯನ್ನು ಅವಳ ಸೆರಗಿಗೆ ಸುರಿದ. ನೀರು ಜಾಸ್ತಿ ಹಾಕಬ್ಯಾಡ ಕಣವ್ವ, ನನ್ನ ಹಂಗೆ ಪ್ರೀತಿ ಮಾಡಬ್ಯಾಡ ಎಂದ. ಅಷ್ಟು ಹೇಳಿ ಒಳಗೆ ಹೋದವನು ಅವಳು ತೂಬು ದಾಟುವ ತನಕ ಹೊರಗೆ ಬರಲಿಲ್ಲ.

ಊರು ಮಾತಾಡಿತು, ಮಾತಾಡದೆ ಇರುತ್ತದೆಯೇ. ಒಡೆಯದ ಮನೆ ಒಡೆಯಿತು ಎಂದರು. ನಿಜವೇ. ಸಣ್ಣ ಗೆಡ್ಡೆಗಳನ್ನು ಗೇಣು ಗೇಣಿಗೆ ನೆಟ್ಟ ದಿನ ಅಣ್ಣಯ್ಯ ತನ್ನ ಇಬ್ಬರು ಮಕ್ಕಳನ್ನು ಕರೆದು, ನಿಮಗೆ ಬೇರೆ ಒಲೆ ಹೂಡುವ ಮನಸ್ಸಿದ್ದರೆ ಹೂಡಿ ಎಂದ. ಅವರ ಹೆಂಡಂದಿರು ಎಷ್ಟೋ ವರ್ಷದಿಂದ ಅದನ್ನೇ ಕಾಯುತ್ತಿದ್ದರು, ಕೇಳಲು ಬಾಯಿ ಇರಲಿಲ್ಲ. ಈಗ ಒಂದೇ ಅಂಗಳಕ್ಕೆ ಮೂರು ಬಾಗಿಲು, ಮೂರು ಗೆಡ್ಡೆಮಡಿ. ಉಪ್ಪಿನ ವಿಷಯಕ್ಕೆ ಜಗಳ ನಿಂತಿದೆ. ಸಾರು ಚೆನ್ನಾಗಿ ಆದ ದಿನ ಬಟ್ಟಲು ಹಿಡಿದು ಈ ಬಾಗಿಲಿಂದ ಆ ಬಾಗಿಲಿಗೆ ಓಡಾಡುತ್ತಾರೆ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಬಿಳಿಗುಂಡಿನಿಂದ ಬಹಳ ದಿನ ಸುದ್ದಿಯಿರಲಿಲ್ಲ. ದೊಡ್ಡ ಬೇಸಿಗೆ ಕಾಲಿಟ್ಟ ಮೇಲೆ ಅಣ್ಣಯ್ಯ ಸಂಜೆ ಸಂಜೆ ಏರಿ ಹತ್ತಿ ಆ ಗುಡ್ಡಗಳ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಎರಡು ಗುಡ್ಡ ದಾಟಿ ವಾಸನೆ ಬರುತ್ತದೆಯೇ ಅಣ್ಣಯ್ಯಾ ಎಂದು ನಾನು ರೇಗಿಸಿದರೆ, ಗಾಳಿ ಕುಡಿಯೋಕೆ ಬಂದಿದೀನಿ ಎನ್ನುತ್ತಿದ್ದ. ಮೊನ್ನೆ ಉಪ್ಪಿನ ಗಾಡಿಯವನು ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಕಟ್ಟು ತಂದುಕೊಟ್ಟ. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು, ಓಣಿಗೆಲ್ಲ ಗೊತ್ತಾಯಿತು. ಒಂಟಿ ಎಸಳಿನ ಸುಗಂಧರಾಜ, ಕೆಳಗಿನ ಹೂಗಳು ಬಾಡಿದ್ದರೂ ಮೇಲಿನ ಮೊಗ್ಗುಗಳು ಇನ್ನೂ ಬಿಗಿಯಾಗಿದ್ದವು. ಬಾವಿಯ ಕೀಲಿ ನಮ್ಮಲ್ಲೇ ಉಳಿಯಿತು ಎಂದು ಸೋನೆ ಹೇಳಿಕಳಿಸಿದ್ದಳು. ಅಣ್ಣಯ್ಯ ಆ ದಂಟನ್ನು ನೀರಿಗಿಟ್ಟು ಅದರ ಪಕ್ಕ ಕೂತ. ಸಂಜೆ ಮೇಲಿನ ಮೊಗ್ಗು ಬಿರಿಯಿತು. ಅವನು ತುಂಬು ಚೊಂಬು ನೀರು ತರಿಸಿ, ಎಷ್ಟೋ ವರ್ಷದ ಮೇಲೆ, ಪೂರ್ತಿ ಕುಡಿದ.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಇಷ್ಟಕ್ಕೆಲ್ಲ ಮೂಲ ನಿಮ್ಮ ಗೇಟಿನ ಪಕ್ಕದ ಮಡಿ. ಮಾಳಮ್ಮನಿಗೂ ನಿಮಗೂ ಈಗ ಮಾತು ಬಿಟ್ಟುಹೋಗಿದೆ, ಆಕೆಯ ಬಚ್ಚಲ ನೀರು ನಿಮ್ಮ ಕಡೆ ಹರಿಯುತ್ತದೆ ಎಂಬ ಜಗಳ, ಮಾಳಮ್ಮನ ಕಥೆಯಾಗಿ ಅದೂ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ತಪ್ಪು ಆಕೆಯದೇ. ನಮ್ಮಜ್ಜಿ ಎಂದು ನಾನು ವಹಿಸಿಕೊಂಡು ಮಾತಾಡುವುದಿಲ್ಲ, ಜಗಳಗಂಟಿ ಹೆಂಗಸು, ಆ ದನಿ ನನಗೂ ಬಂದಿದೆ. ಇಷ್ಟಾದರೂ ಒಂದು ಬೆಳಿಗ್ಗೆ ನೀವು ಗೆಡ್ಡೆ ಕಿತ್ತು ಒಣಗಲು ಹಾಕಿರುವಾಗ ಆಕೆ ಗೋಡೆಯ ಮೇಲೆ ಮುಖ ಇಟ್ಟು, ನಿಮಗೇ ಉಪಕಾರ ಮಾಡುವವಳ ಹಾಗೆ, ಅದರಲ್ಲಿ ಎರಡು ಇದ್ರೆ ಕೊಡ್ರಿ ಎನ್ನುತ್ತಾಳೆ. ನಿಮ್ಮ ಮೈ ಉರಿಯುತ್ತದೆ. ಉರಿಯಲಿ, ಆದರೂ ಕೊಡಿ. ನೀವು ಕೊಟ್ಟೇ ಕೊಟ್ಟಿರುತ್ತೀರಿ, ಇಲ್ಲದಿದ್ದರೆ ನಮ್ಮ ಅಂಗಳದಲ್ಲಿ ಈ ಪರಿಮಳ ಎಲ್ಲಿಂದ ಬರಬೇಕು. ಆದರೂ ಕೇಳಿ ತೆಗೆದುಕೊಳ್ಳುವುದು ಮರ್ಯಾದೆ, ನಮ್ಮಜ್ಜಿ ಸರಿಯಾಗಿ ಕೇಳದ್ದನ್ನು ನಾನು ಸರಿಯಾಗಿ ಕೇಳುತ್ತಿದ್ದೇನೆ. ಅದಕ್ಕೇ ನನ್ನ ಒಂದೇ ಓಲೆಯನ್ನು ನಿಮಗೆ ಬರೆದದ್ದು.

ಕೊಡುವಾಗ ಒಂದು ಮಾತು ನೆನಪಿರಲಿ. ಆಕೆ ನಲ್ಲಿಯ ಪಕ್ಕ ಎರಡು ಹೊಸ ಕುಂಡ ತಂದಿಟ್ಟುಕೊಂಡು ಕೇಳಲು ಬಂದಿರುತ್ತಾಳೆ. ಕುಂಡದಲ್ಲಿ ನೆಟ್ಟ ಎರಡಕ್ಕೂ ಬೆಳಿಗ್ಗೆ ಸಂಜೆ ನೀರು ಹೊಯ್ದು, ಮುದ್ದು ಮಾಡಿ ಮಾಡಿ, ಕೊಳೆಸಿಬಿಡುತ್ತಾಳೆ. ಅದು ನಮ್ಮ ಮನೆತನದ ಗುಣ, ಅಣ್ಣಯ್ಯನಿಗೆ ಎಲ್ಲಿಂದ ಬಂತೆಂದು ಈಗ ನಿಮಗೂ ತಿಳಿಯಿತು. ಕುಂಡವಿಲ್ಲವೆಂದು ಗೋಡೆಯ ಬುಡದ ಜಲ್ಲಿಯಲ್ಲಿ ಒಂದನ್ನು ಎಸೆದು ಮರೆತುಬಿಡುತ್ತಾಳೆ. ನಾವೆಲ್ಲ ಅದರ ಮಕ್ಕಳು. ಆಕೆ ಕೇಳುವುದು ಎರಡೇ. ದಯವಿಟ್ಟು ಮೂರು ಕೊಡಿ.

ಇಂತಿ,
ತೊರೆಯವ್ವ